ಮರಿ ಕಾಯುವ ಮೀನು: ಆರೆಂಜ್ ಕ್ರೋಮೈಡ್ ಸಾಕಣೆ ಮತ್ತು ಎಂಟನೆಯ ತರಗತಿಯ ಒಂದು ಘಟಕ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ’ ಘಟಕವನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳೆಲ್ಲ ಬಾಹ್ಯ ನಿಶೇಚನದ ಹತ್ತಿರ ಬಂದಾಗ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತೇವೆ: ಮೀನು, ಕಪ್ಪೆ ನೂರಾರು ಮೊಟ್ಟೆ ಇಡುತ್ತವೆ, ಕೋಳಿ ಒಮ್ಮೆಗೆ ಒಂದೇ ಮೊಟ್ಟೆ ಇಡುತ್ತದೆ, ಯಾಕೆ? ಪಠ್ಯಪುಸ್ತಕ ಕೊಡುವ ಉತ್ತರ ಸರಿಯಾದದ್ದೇ. ನೀರಿಗೆ ಬಿಟ್ಟ ಮೊಟ್ಟೆ ಮತ್ತು ವೀರ್ಯಾಣುಗಳು ನೀರಿನ ಸೆಳೆತ, ಗಾಳಿ, ಮಳೆಗೆ ಸಿಗುತ್ತವೆ. ಮೊಟ್ಟೆ ತಿನ್ನುವ ಜೀವಿಗಳೂ ಅಲ್ಲೇ ಇರುತ್ತವೆ. ಆದ್ದರಿಂದ ಹೆಚ್ಚು ಮೊಟ್ಟೆ. ಮಕ್ಕಳು ಇದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ತೊಂದರೆ ಇರುವುದು ಈ ಉತ್ತರದಲ್ಲಲ್ಲ, ಅದರ ಜೊತೆಗೆ ಮಕ್ಕಳು ತಾವಾಗಿಯೇ ಸೇರಿಸಿಕೊಳ್ಳುವ ಇನ್ನೊಂದು ಮಾತಿನಲ್ಲಿ. ಅಬಲೂರಿನ ಪ್ರೌಢಶಾಲೆಯಲ್ಲಿ ಪೂರ್ವಜ್ಞಾನ ತಿಳಿಯಲು ಒಂದು ಚೀಟಿ ಕೊಟ್ಟು, ‘ಮೊಟ್ಟೆ ಇಟ್ಟ ಮೇಲೆ ಮೀನು ಏನು ಮಾಡುತ್ತದೆ?’ ಎಂದು ಬರೆಯಿಸಿದೆ. 34 ಚೀಟಿಗಳಲ್ಲಿ 29ರ ಅರ್ಥ ಒಂದೇ ಆಗಿತ್ತು: ಬಿಟ್ಟು ಹೋಗುತ್ತದೆ.

ನಿಶೇಚನ ಎಲ್ಲಿ ನಡೆಯುತ್ತದೆ ಎಂಬುದು ಒಂದು ವಿಷಯ. ನಿಶೇಚನದ ನಂತರ ತಂದೆತಾಯಿ ಕಾಯುತ್ತವೆಯೋ ಇಲ್ಲವೋ ಎಂಬುದು ಬೇರೆ ವಿಷಯ. ಪಾಠ ಇವೆರಡನ್ನೂ ಕೂಡಿಸಿ ಹೇಳುವುದಿಲ್ಲ, ಆದರೆ ಬೇರ್ಪಡಿಸಿಯೂ ಹೇಳುವುದಿಲ್ಲ. ಕಪ್ಪು ಹಲಗೆಯ ಮೇಲೆ ಎರಡು ಕಂಬಸಾಲು ಎಳೆದು ಇದನ್ನು ಹೇಳಿಬಿಡಬಹುದಿತ್ತು, ಐದು ನಿಮಿಷದ ಕೆಲಸ. ನಾನು ಹಾಗೆ ಮಾಡದಿರಲು ಕಾರಣ, ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಆ ಎರಡೂ ವಿಷಯಗಳು ಬೇರೆ ಬೇರೆ ಎಂದು ತೋರಿಸಬಲ್ಲ ಮೀನುಗಳು ಬೆಳೆಯುತ್ತಿದ್ದವು. ಎರಡನೆಯ ವರ್ಷದ 16 ವಾರಗಳ ಶಾಲಾ ಅನುಭವದ ಅವಧಿಯಲ್ಲಿ ಅವು ಮೊಟ್ಟೆ ಇಡುವ ವಯಸ್ಸಿಗೆ ಬರುತ್ತಿದ್ದವು. ಈ ಲೇಖನದಲ್ಲಿ ಮರಿಗಳನ್ನು ಬೆಳೆಸಿದ ಬಗೆ, ಅದು ಪಾಠವಾದ ಬಗೆ ಎರಡನ್ನೂ ಬರೆದಿದ್ದೇನೆ. ಮುಂದಿನ ತಂಡದ ಯಾರಾದರೂ ಇದನ್ನು ಮಾಡುವುದಾದರೆ ಮೊದಲ ಭಾಗವೇ ಹೆಚ್ಚು ಉಪಯೋಗಕ್ಕೆ ಬಂದೀತು.

ಮೀನಿನ ಆಯ್ಕೆ

ಸಿಕ್ಲಿಡ್ ಎಂಬ ದೊಡ್ಡ ಕುಟುಂಬದ ಮೀನುಗಳಲ್ಲಿ ಬಹುತೇಕ ಎಲ್ಲವೂ ಮೊಟ್ಟೆ ಅಥವಾ ಮರಿಗಳನ್ನು ಕಾಯುತ್ತವೆ. ಅಂಗಡಿಗಳಲ್ಲಿ ಸಿಗುವ ಏಂಜೆಲ್, ಆಸ್ಕರ್, ಫ್ಲವರ್‌ಹಾರ್ನ್ ಎಲ್ಲವೂ ಇದೇ ಕುಟುಂಬದವು. ಇವುಗಳ ಮೂಲ ಅಮೆರಿಕ ಖಂಡಗಳು. ಫ್ಲವರ್‌ಹಾರ್ನ್ ಅಂತೂ ಮನುಷ್ಯರೇ ಮಿಶ್ರತಳಿ ಮಾಡಿದ್ದು. ಆದರೆ ಭಾರತಕ್ಕೆ ಸ್ವಂತದ ಸಿಕ್ಲಿಡ್‌ಗಳೂ ಮೂರು ಇವೆ ಎಂಬುದು ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದಿದ ನಮ್ಮಲ್ಲಿಯೂ ಎಷ್ಟೋ ಜನಕ್ಕೆ ಹೊಸ ಮಾತು. ಒಂದು, ಕೇರಳದವರು ಕರಿಮೀನ್ ಎನ್ನುವ, ಆ ರಾಜ್ಯ 2010ರಲ್ಲಿ ತನ್ನ ರಾಜ್ಯಮೀನು ಎಂದು ಘೋಷಿಸಿದ ಎಟ್ರೋಪ್ಲಸ್ ಸುರಟೆನ್ಸಿಸ್. ಎರಡನೆಯದು ಎಟ್ರೋಪ್ಲಸ್ ಕೆನರೆನ್ಸಿಸ್. ಹೆಸರೇ ಹೇಳುವಂತೆ ಇದು ನಮ್ಮ ಕೆನರಾದ್ದು. 1877ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವಿವರಿಸಿ ಹೆಸರಿಟ್ಟ. ನೇತ್ರಾವತಿಯಂಥ ಪಶ್ಚಿಮಕ್ಕೆ ಹರಿಯುವ ಹೊಳೆಗಳ ಸಿಹಿನೀರಿನಲ್ಲಿ ಇರುವ ಇದರ ನೆಲೆ ಬಹಳ ಚಿಕ್ಕದು. ಇದನ್ನು ಹೊಳೆಯಿಂದ ಹಿಡಿದು ತೊಟ್ಟಿಗೆ ತರುವುದು ಸರಿಯಲ್ಲ. ಮೂರನೆಯದೇ ಆರೆಂಜ್ ಕ್ರೋಮೈಡ್, ಶಾಸ್ತ್ರೀಯವಾಗಿ ಸ್ಯೂಡೆಟ್ರೋಪ್ಲಸ್ ಮ್ಯಾಕ್ಯುಲೇಟಸ್, ಮಲಯಾಳದಲ್ಲಿ ಪಲ್ಲತ್ತಿ. ದಕ್ಷಿಣ ಭಾರತದ ಕರಾವಳಿಯ ಹಿನ್ನೀರು, ಅಳಿವೆಗಳಲ್ಲಿ ಮತ್ತು ಶ್ರೀಲಂಕಾದಲ್ಲಿ ಸಿಗುತ್ತದೆ. ಇವುಗಳ ಹತ್ತಿರದ ನಂಟರು ಇರುವುದು ಮಡಗಾಸ್ಕರ್‌ನಲ್ಲಿ. ಭೂಖಂಡಗಳ ಚಲನೆಯನ್ನು ಪಾಠ ಮಾಡುವವರಿಗೆ ಅದೊಂದು ಬೇರೆಯೇ ಉದಾಹರಣೆ.

ನಾನು ಆರೆಂಜ್ ಕ್ರೋಮೈಡ್ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಅಂಗೈಗಿಂತ ಚಿಕ್ಕ ಮೀನು, ಎಂಟು ಸೆಂಟಿಮೀಟರಿನ ಆಸುಪಾಸಿನಲ್ಲೇ ಬೆಳವಣಿಗೆ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ನೀರು. ಅಬಲೂರಿನಲ್ಲಿ ನಮಗೆ ಸಿಗುವುದು ಕೊಳವೆಬಾವಿಯ ಗಡಸು ನೀರು, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮೃದು ನೀರು ಬೇಡುವ ದಕ್ಷಿಣ ಅಮೆರಿಕದ ಮೀನುಗಳಿಗೆ ಅದು ಒಗ್ಗುವುದು ಕಷ್ಟ. ಅಳಿವೆಯ ಸವಳು ನೀರಿಗೆ ಹೊಂದಿಕೊಂಡ ಈ ಮೀನಿಗೆ ಗಡಸು ನೀರೇ ಅನುಕೂಲ. ಊರಿನ ನೀರನ್ನು ಬದಲಾಯಿಸುವ ಬದಲು ಊರಿನ ನೀರಿಗೆ ತಕ್ಕ ಮೀನನ್ನು ಆರಿಸುವುದು, ಶಾಲೆಯಲ್ಲಿ ತೊಟ್ಟಿ ಇಡಬಯಸುವ ಎಲ್ಲರಿಗೂ ನಾನು ಕೊಡುವ ಮೊದಲ ಸಲಹೆ.

ಆರು ಮರಿ ಯಾಕೆ

ರಾಣೆಬೆನ್ನೂರಿನ ಅಂಗಡಿಯಿಂದ ತಂದದ್ದು ಆರು ಮರಿ, ಒಂದೊಂದೂ ಎರಡೂವರೆ ಸೆಂಟಿಮೀಟರಿನಷ್ಟು. ‘ಜೋಡಿ ಕೊಡಿ’ ಎಂದರೆ ಅಂಗಡಿಯವರು ಎರಡು ಮೀನು ಕೊಡುತ್ತಾರೆ, ಜೋಡಿಯನ್ನಲ್ಲ. ಈ ಜಾತಿಯಲ್ಲಿ ಗಂಡು ಹೆಣ್ಣನ್ನು ನೋಡಿ ಗುರುತಿಸುವುದು ಮೊಟ್ಟೆ ಇಡುವ ದಿನದವರೆಗೂ ನೆಚ್ಚಿಕೆಯ ಕೆಲಸವಲ್ಲ. ಗಂಡಿನ ಬಣ್ಣ ತುಸು ಗಾಢ, ಗಾತ್ರ ತುಸು ದೊಡ್ಡದು, ಅಷ್ಟೆ. ಅದೂ ಮರಿಗಳಲ್ಲಿ ತಿಳಿಯದು. ಆದ್ದರಿಂದ ಸಾಕುವವರ ರೂಢಿ ಏನೆಂದರೆ ಒಂದು ಗುಂಪು ಮರಿಗಳನ್ನು ಕೂಡಿಯೇ ಬೆಳೆಸುವುದು, ಅವು ತಾವಾಗಿ ಜೋಡಿಯಾಗಲು ಬಿಡುವುದು.

ಆರೇ ಯಾಕೆ ಎಂಬುದನ್ನು ಒಂಬತ್ತನೆಯ ತರಗತಿಯ ಗಣಿತದ ಅವಧಿಗೆ ಕೊಂಡೊಯ್ದೆ. ಒಂದು ಮರಿ ಗಂಡಾಗುವ ಸಂಭವನೀಯತೆ 1/2 ಎಂದು ಹಿಡಿದರೆ, ಎರಡು ಮರಿ ತಂದಾಗ ಎರಡೂ ಒಂದೇ ಲಿಂಗದವಾಗುವ ಸಾಧ್ಯತೆ ಅರ್ಧಕ್ಕರ್ಧ. ನಾಲ್ಕು ತಂದರೆ 1/8. ಆರು ತಂದರೆ 1/32, ಅಂದರೆ ಶೇಕಡಾ ಮೂರಕ್ಕೆ ತುಸು ಮೇಲೆ. ನಾಣ್ಯ ಚಿಮ್ಮಿಸಿ ಆಡಿಸುವ ಲೆಕ್ಕವೇ ಇದು. ಆದರೆ ‘ಎಷ್ಟು ಮೀನು ಕೊಳ್ಳೋಣ’ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದಾಗ ಹಿಂದಿನ ಬೆಂಚಿನವರೂ ಪೆನ್ಸಿಲ್ ತೆಗೆದರು. ‘ಹತ್ತು ತಂದ್ರ ಇನ್ನೂ ಛಲೋ ಅಲ್ರಿ ಟೀಚರ್?’ ಎಂದು ಒಬ್ಬ ಕೇಳಿದ. ಲೆಕ್ಕಕ್ಕೆ ಒಳ್ಳೆಯದು, ತೊಟ್ಟಿಗಲ್ಲ. ಆ ಮಾತಿನಿಂದಲೇ ಘನಫಲಕ್ಕೆ ಹೋದೆವು. ನಮ್ಮ ತೊಟ್ಟಿ 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ನೀರು ನಿಲ್ಲುವುದು 33 ಸೆಂ.ಮೀ. ಎತ್ತರಕ್ಕೆ. 89 ಲೀಟರ್ ಚಿಲ್ಲರೆ. ತಳದ ಉಸುಕು, ಕಲ್ಲು ತೆಗೆದರೆ ಇನ್ನೂ ಕಡಿಮೆ.

ಮರಿಗಳನ್ನು ತರುವ ಆರು ವಾರ ಮೊದಲೇ ತೊಟ್ಟಿಯಲ್ಲಿ ನೀರು ತುಂಬಿ, ಸ್ಪಾಂಜ್ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ. ಮೀನಿಲ್ಲದ ತೊಟ್ಟಿಗೆ ಊಟ ಹಾಕುವುದನ್ನು ನೋಡಿ ನಮ್ಮವ್ವ ನಕ್ಕಿದ್ದಳು. ಅದು ಬ್ಯಾಕ್ಟೀರಿಯಾಗಳಿಗೆ ಹಾಕಿದ ಊಟ. ಕೊಳೆತ ಆಹಾರದಿಂದ ಬರುವ ಅಮೋನಿಯಾ ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಮಿತಿಯಲ್ಲಿದ್ದರೆ ನಡೆಯುತ್ತದೆ. ಈ ಬ್ಯಾಕ್ಟೀರಿಯಾಗಳು ಸ್ಪಾಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯಲ್ಲಿ ಮೀನು ಸಾಯುವುದಕ್ಕೆ ಬಹಳ ಸಲ ಇದೇ ಕಾರಣ. ಸೂಕ್ಷ್ಮಜೀವಿಗಳ ಪಾಠದ ಸಾರಜನಕ ಚಕ್ರವನ್ನು ಹೊಲದ ಉದಾಹರಣೆಯಿಂದಲೇ ಹೇಳುತ್ತೇವೆ, ದ್ವಿದಳ ಧಾನ್ಯ, ಬೇರುಗಂಟು, ರೈಜೋಬಿಯಂ. ತೊಟ್ಟಿಯ ಉದಾಹರಣೆಯಲ್ಲಿ ಅದೇ ಚಕ್ರದ ಇನ್ನೊಂದು ತುಂಡು ಕಣ್ಣೆದುರಿಗೆ ಬರುತ್ತದೆ. ಸ್ಪಾಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಪಂಚಾಯಿತಿಯ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಅದೇ ಕಾರಣಕ್ಕೆ, ಬದಲಿಸುವ ನೀರನ್ನು ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಕ್ಲೋರಿನ್ ಹೋದ ಮೇಲೆ ಹಾಕಬೇಕು.

ಬೆಳೆಯುವ ಮರಿಗಳಿಗೆ ಎರಡು ವಿಷಯ ಬೇಕು, ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪ ಆಹಾರ, ಮತ್ತು ಹೊಸ ನೀರು. ದಿನಕ್ಕೆ ಮೂರು ಸಲ, ಎರಡು ನಿಮಿಷದಲ್ಲಿ ಖಾಲಿ ಮಾಡುವಷ್ಟು. ಒಣ ಗುಳಿಗೆಯ ಜೊತೆ ದನದ ಬಾನಿಯಲ್ಲಿ ಸಿಗುವ ಸೊಳ್ಳೆ ಮರಿಗಳು. ಅವು ಹಾರುವ ಮೊದಲೇ ಮೀನಿನ ಹೊಟ್ಟೆ ಸೇರಿದರೆ ಮನೆಯವರಿಗೂ ಸಂತೋಷ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲು. ಬೇಸಿಗೆಯಲ್ಲಿ ನೀರಿನ ಸರದಿ ಬಂದಾಗ ಇದು ಮನೆಯಲ್ಲಿ ಮಾತಿಗೆ ಕಾರಣವಾಗದಿರದು. ನಾನು ಕಂಡುಕೊಂಡ ಒಪ್ಪಂದವೆಂದರೆ ತೊಟ್ಟಿಯಿಂದ ತೆಗೆದ ನೀರನ್ನು ಕರಿಬೇವು, ಮಲ್ಲಿಗೆ ಬಳ್ಳಿಗೆ ಹಾಕುವುದು. ಆ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಗಿಡಗಳಿಗೂ ಲಾಭ.

ಕರೆಂಟಿನ ಬಗ್ಗೆ ಬೇರೆ ಹೇಳಬೇಕು, ಏಕೆಂದರೆ ಪುಸ್ತಕಗಳಲ್ಲಿ ಇದು ಇರುವುದಿಲ್ಲ. ಹಿರೇಕೆರೂರು ತಾಲ್ಲೂಕಿನ ಹಳ್ಳಿಯಲ್ಲಿ ಹೀಟರ್ ಮತ್ತು ಏರೇಟರನ್ನು ನಂಬಿ ತೊಟ್ಟಿ ನಡೆಸಲಾಗದು. ತೊಟ್ಟಿಯಲ್ಲಿ ಮೀನು ಕಡಿಮೆ ಇದ್ದರೆ ನಾಲ್ಕೈದು ತಾಸು ಗಾಳಿ ನಿಂತರೂ ತಡೆಯುತ್ತವೆ. ಕರೆಂಟ್ ಹೋದಾಗ ಆಹಾರ ಹಾಕಬಾರದು. ಚರಿಗೆಯಲ್ಲಿ ನೀರು ಮೊಗೆದು ಒಂದು ಗೇಣು ಎತ್ತರದಿಂದ ಅಲ್ಲೇ ಸುರಿಯುತ್ತಿದ್ದರೆ ಆಮ್ಲಜನಕ ಬೆರೆಯುತ್ತದೆ. ಚಳಿಗಾಲದ ರಾತ್ರಿ ತೊಟ್ಟಿಯ ಮೂರು ಬದಿಗೆ ಕಂಬಳಿ ಹೊದಿಸುತ್ತಿದ್ದೆ. ಇಷ್ಟೇ ಉಪಾಯಗಳಿಂದ ಆರೂ ಮರಿಗಳು ಉಳಿದವು.

ಹತ್ತನೆಯ ತಿಂಗಳಿನಲ್ಲಿ ಎರಡು ಮೀನು ತೊಟ್ಟಿಯ ಎಡ ಮೂಲೆಯನ್ನು ತಮ್ಮದು ಮಾಡಿಕೊಂಡು ಉಳಿದ ನಾಲ್ಕನ್ನು ಬಲಕ್ಕೆ ತಳ್ಳತೊಡಗಿದವು. ಆ ಹೊತ್ತಿಗೆ ನಾಲ್ಕನ್ನು ಬೇರೆ ತೊಟ್ಟಿಗೆ ತೆಗೆಯಲೇಬೇಕು, ಇಲ್ಲವಾದರೆ ರೆಕ್ಕೆ ಹರಿದುಕೊಂಡು ಸಾಯುತ್ತವೆ. ಗುಂಪು ಬೆಳೆಸುವ ಪದ್ಧತಿಯ ಖರ್ಚು ಇದೇ: ಎರಡನೆಯ ತೊಟ್ಟಿ ಮೊದಲೇ ಸಿದ್ಧವಿರಬೇಕು.

ಗಡಿಗೆಯ ಚೂರಿನ ಮೇಲೆ

ಮೊಟ್ಟೆ ಇಡಲು ಗಟ್ಟಿಯಾದ, ಸಮನಾದ ಮೇಲ್ಮೈ ಬೇಕು. ನಾನು ಹಾಕಿದ್ದು ಒಡೆದ ಮಣ್ಣಿನ ಗಡಿಗೆಯ ದೊಡ್ಡ ಚೂರು. ಐತಿಹ್ಯದಂತೆ ಸರ್ವಜ್ಞನ ತಾಯಿ ಕುಂಬಾರರ ಮನೆಯವಳು, ಅಬಲೂರಿನವಳು. ಆ ಮಾತನ್ನು ನಾನು ಹೇಳುವ ಮೊದಲೇ ಒಬ್ಬ ಹುಡುಗಿ ಹೇಳಿದಳು. ಈ ಊರಿನಲ್ಲಿ ಗಡಿಗೆ ಕಂಡರೆ ಸರ್ವಜ್ಞ ನೆನಪಾಗದೆ ಇರುವುದಿಲ್ಲ.

ಜೋಡಿ ಎರಡು ದಿನ ಆ ಚೂರನ್ನು ಬಾಯಿಯಿಂದ ಕಚ್ಚಿ ಕಚ್ಚಿ ಸ್ವಚ್ಛ ಮಾಡಿದವು. ತೊಟ್ಟಿ ಮನೆಯಲ್ಲಿ, ಪಾಠ ಶಾಲೆಯಲ್ಲಿ. ಹಾಗಾಗಿ ಮಕ್ಕಳನ್ನು ಆರಾರು ಜನರ ತಂಡ ಮಾಡಿ, ಪಾಲಕರ ಒಪ್ಪಿಗೆ ಪಡೆದು, ಶಾಲೆ ಬಿಟ್ಟ ಮೇಲೆ ಸರದಿಯಂತೆ ಕರೆತರುತ್ತಿದ್ದೆ. ಮೊಟ್ಟೆ ಇಟ್ಟದ್ದು ಒಂದು ಶನಿವಾರ ಮಧ್ಯಾಹ್ನ. ನೋಡಲು ಸಿಕ್ಕಿದ್ದು ಒಂದೇ ತಂಡಕ್ಕೆ, ಉಳಿದವರಿಗೆ ಮೊಬೈಲಿನ ವಿಡಿಯೊ. ಹೆಣ್ಣು ಚೂರಿನ ಮೇಲೆ ಹೊಟ್ಟೆ ತಾಗಿಸುತ್ತ ಒಂದು ಸಾಲು ಮೊಟ್ಟೆ ಅಂಟಿಸುತ್ತದೆ, ಸರಿಯುತ್ತದೆ. ಹಿಂದೆಯೇ ಗಂಡು ಅದೇ ಸಾಲಿನ ಮೇಲೆ ಸಾಗುತ್ತದೆ. ಮತ್ತೆ ಹೆಣ್ಣು. ಒಂದು ತಾಸಿಗೂ ಹೆಚ್ಚು ಹೊತ್ತು ಹೀಗೆ ನಡೆಯಿತು. ಮಕ್ಕಳ ನೋಟ್‌ಬುಕ್ಕಿನಲ್ಲಿ ಬಾಹ್ಯ ನಿಶೇಚನದ ಚಿತ್ರವೆಂದರೆ ನೀರಿನ ತುಂಬ ಚೆಲ್ಲಿದ ಚುಕ್ಕೆಗಳು. ಇಲ್ಲಿ ಚೆಲ್ಲಿದ್ದು ಏನೂ ಇರಲಿಲ್ಲ. ಆದರೂ ನಿಶೇಚನ ದೇಹದ ಹೊರಗೆ, ನೀರಿನಲ್ಲೇ ನಡೆಯಿತು. ‘ಹಂಗಾರ ಇದು ಹೊರಗೋ ಒಳಗೋ?’ ಎಂಬ ಪ್ರಶ್ನೆ ಎರಡು ತಂಡಗಳಲ್ಲಿ ಬಂದಿತು. ನಾನು ಉತ್ತರ ಹೇಳಲಿಲ್ಲ. ವಿಡಿಯೊವನ್ನು ಮತ್ತೆ ಹಾಕಿ, ವೀರ್ಯಾಣು ಮೊಟ್ಟೆಯನ್ನು ಸೇರುವುದು ಯಾವ ಜಾಗದಲ್ಲಿ ಎಂದು ಬೆರಳಿಟ್ಟು ತೋರಿಸಲು ಹೇಳಿದೆ. ಗಡಿಗೆಯ ಚೂರಿನ ಮೇಲೆ ಬೆರಳಿಟ್ಟರು. ಉತ್ತರ ಅಲ್ಲೇ ಇತ್ತು.

ಆ ಮೊದಲ ಮೊಟ್ಟೆಗಳು ಉಳಿಯಲಿಲ್ಲ. ಭಾನುವಾರ ರಾತ್ರಿ ಇದ್ದವು, ಸೋಮವಾರ ಬೆಳಿಗ್ಗೆ ಚೂರು ಖಾಲಿ. ತಂದೆತಾಯಿಯೇ ತಿಂದಿದ್ದವು. ಹೊಸ ಜೋಡಿಗಳಲ್ಲಿ ಇದು ಸಾಮಾನ್ಯ. ನಿಶೇಚನವಾಗದ ಮೊಟ್ಟೆ ಬೂಷ್ಟು ಹಿಡಿದು ಬೆಳ್ಳಗಾದಾಗ, ಇಲ್ಲವೇ ಗದ್ದಲಕ್ಕೆ ಬೆದರಿದಾಗ ತಿಂದುಬಿಡುತ್ತವೆ. ಆ ದಿನ ತರಗತಿಯಲ್ಲಿ ನಡೆದ ಚರ್ಚೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ‘ಕಾಯ್ತಾವಂತ ಹೇಳಿದ್ರಲ್ರಿ, ತಿಂದಾವಲ್ರಿ?’ ಎಂದರು. ‘ಅದರವ್ವ ಹಂಗ್ಯಾಕ ಮಾಡ್ತು?’ ಎಂದು ಒಬ್ಬಳು ಕೇಳಿದಳು. ಅವಳ ದನಿಯಲ್ಲಿ ನಿಜವಾದ ಸಂಕಟವಿತ್ತು. ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಆ ಅವಧಿಗೆ ಬಂದಿದ್ದರು. ಪಾಠದ ನಂತರ ಅವರು ನನಗೆ ಕೊಟ್ಟ ಹಿಮ್ಮಾಹಿತಿ ಹೀಗಿತ್ತು: ‘ಅವ್ವ, ಅಪ್ಪ ಎಂಬ ಪದ ಬಳಸಿದ ಕ್ಷಣದಿಂದ ಮಕ್ಕಳು ಮೀನಿನ ಮೇಲೆ ತೀರ್ಪು ಕೊಡಲು ಶುರು ಮಾಡುತ್ತಾರೆ. ಹೆಣ್ಣು ಮೀನು, ಗಂಡು ಮೀನು ಎನ್ನಿ.’

ಈ ಸಲಹೆಯನ್ನು ನಾನು ಅರ್ಧ ಪಾಲಿಸಿದೆ. ದಾಖಲೆ ವಹಿಯಲ್ಲಿ ಬರೆಯುವಾಗ ಗಂಡು, ಹೆಣ್ಣು, ‘ಮೊಟ್ಟೆಗೆ ರೆಕ್ಕೆಯಿಂದ ಗಾಳಿ ಹಾಕಿತು’, ‘ಮೊಟ್ಟೆ ತಿಂದಿತು’ ಎಂದೇ ಬರೆಯಬೇಕು, ಪ್ರೀತಿ, ಸಿಟ್ಟು, ಪಾಪ ಎಂಬ ಮಾತು ಬರಕೂಡದು ಎಂದು ನಿಯಮ ಮಾಡಿದೆವು. ಮಾತಾಡುವಾಗ ಮಾತ್ರ ಅಪ್ಪ, ಅವ್ವ ಎನ್ನಲು ಬಿಟ್ಟೆ. ಪ್ರಾಣಿ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಕಾನ್ರಾಡ್ ಲೊರೆಂಜ್ ತನ್ನ ತೊಟ್ಟಿಯ ಗಂಡು ಸಿಕ್ಲಿಡ್ ಒಂದರ ಬಗ್ಗೆ ಬರೆದಿದ್ದಾನೆ. ತಪ್ಪಿಸಿಕೊಂಡ ಮರಿಯನ್ನು ಬಾಯಲ್ಲಿ ಹಿಡಿದು ಗೂಡಿಗೆ ಒಯ್ಯುವಾಗ ಅದರ ಬಾಯಲ್ಲಿ ಆಗಲೇ ಒಂದು ಹುಳುವೂ ಇತ್ತು. ಒಂದನ್ನು ನುಂಗಬೇಕು, ಇನ್ನೊಂದನ್ನು ನುಂಗಬಾರದು. ಮೀನು ತುಸು ಹೊತ್ತು ನಿಂತಿತು. ಆಮೇಲೆ ಎರಡನ್ನೂ ಉಗುಳಿ, ಹುಳುವನ್ನು ತಿಂದು, ಮರಿಯನ್ನು ಎತ್ತಿಕೊಂಡು ಹೋಯಿತು. ಅಂಥ ಶಾಸ್ತ್ರಜ್ಞನೇ ಅದನ್ನು ಕಥೆಯಂತೆ ಹೇಳಿರುವಾಗ ಎಂಟನೆಯ ತರಗತಿಯವರನ್ನು ಪೂರ್ತಿ ತಡೆಯುವುದು ಅನ್ಯಾಯ ಎನಿಸಿತು. ನೋಡಿದ್ದು ಯಾವುದು, ನಾವು ಅಂದುಕೊಂಡಿದ್ದು ಯಾವುದು ಎಂಬ ಗೆರೆ ತಿಳಿದರೆ ಸಾಕು.

ಎರಡನೆಯ ಸಲ ಮೊಟ್ಟೆ ಇಟ್ಟದ್ದು ಇಪ್ಪತ್ತು ದಿನಗಳ ನಂತರ. ಈ ಸಲ ತೊಟ್ಟಿಯ ಮುಂದೆ ಒಂದು ಹಳೆಯ ಸೀರೆ ಇಳಿಬಿಟ್ಟು, ಅದರಲ್ಲಿ ಕಣ್ಣಿನಷ್ಟು ಕಿಂಡಿ ಮಾಡಿದ್ದೆ. ಗಡಿಗೆಯ ಚೂರಿನ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ, ಮೇಲೆ ಚೌಕ ಎಳೆದು, ಎಂಟು ಗುಂಪುಗಳಿಗೆ ಒಂದೊಂದು ಪ್ರತಿ ಕೊಟ್ಟೆ. ಅದೇ ಫೋಟೋ, ಅದೇ ಮೊಟ್ಟೆಗಳು. ಬಂದ ಉತ್ತರಗಳು 141ರಿಂದ 168ರವರೆಗೆ. ಯಾರ ಎಣಿಕೆ ಸರಿ ಎಂದು ಜಗಳವೇ ಆಯಿತು. ಗೆರೆಯ ಮೇಲೆ ಕುಳಿತ ಮೊಟ್ಟೆಯನ್ನು ಯಾವ ಚೌಕಕ್ಕೆ ಸೇರಿಸಬೇಕು ಎಂದು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಮಕ್ಕಳೇ ಒಂದು ನಿಯಮ ಮಾಡಿದರು: ಮೇಲಿನ ಮತ್ತು ಎಡದ ಗೆರೆಯ ಮೇಲಿದ್ದರೆ ಎಣಿಸು, ಕೆಳಗಿನ ಮತ್ತು ಬಲದ ಗೆರೆಯ ಮೇಲಿದ್ದರೆ ಬಿಡು. ಮತ್ತೆ ಎಣಿಸಿದಾಗ ವ್ಯತ್ಯಾಸ 152ರಿಂದ 157ಕ್ಕೆ ಇಳಿಯಿತು. ಪ್ರಯೋಗಾಲಯದಲ್ಲಿ ರಕ್ತಕಣ ಎಣಿಸುವಾಗ ನಾವು ಬಿ.ಎಸ್ಸಿ.ಯಲ್ಲಿ ಕಲಿತ ನಿಯಮವೂ ಇದೇ. ಇಡೀ ಘಟಕದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಅವಧಿ ಇದು. ಇದರಲ್ಲಿ ಜೀವಂತ ಮೀನು ಇರಲೂ ಇಲ್ಲ.

ಮೊಟ್ಟೆಯಿಂದ ಮರಿಗೆ

ತೊಟ್ಟಿಯ ನೀರು 27 ಡಿಗ್ರಿ ಇತ್ತು. ಮೊಟ್ಟೆಗಳು ಸಣ್ಣ ದಾರದಂಥ ತೊಟ್ಟಿನಿಂದ ಚೂರಿಗೆ ಅಂಟಿಕೊಂಡು ನೀರಿನ ಅಲೆಗೆ ತೂಗುತ್ತಿದ್ದವು. ಒಂದು ಮೀನು ಎದುರು ನಿಂತು ರೆಕ್ಕೆ ಬೀಸಿ ನೀರು ಆಡಿಸುತ್ತಿತ್ತು, ಇನ್ನೊಂದು ಆಚೆ ಕಾವಲು. ಎಷ್ಟೋ ಹೊತ್ತಿಗೆ ಸರದಿ ಬದಲು. ಬೆಳ್ಳಗಾದ ಮೊಟ್ಟೆಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದವು. ನಾಲ್ಕನೆಯ ದಿನ ಬೆಳಿಗ್ಗೆ ಚೂರಿನ ಮೇಲೆ ಬಾಲ ಅಲ್ಲಾಡಿಸುವ ಎಳೆಗಳಂಥ ಮರಿಗಳು. ಅವು ಇನ್ನೂ ಈಜಲಾರವು. ಅವುಗಳ ಹೊಟ್ಟೆಯಡಿ ಭಂಡಾರದ ಚೀಲವಿರುತ್ತದೆ, ಅದೇ ಆಹಾರ. ಆ ಮರಿಗಳನ್ನು ಎರಡೂ ಮೀನುಗಳು ಬಾಯಲ್ಲಿ ತುಂಬಿ, ಉಸುಕಿನಲ್ಲಿ ತೋಡಿದ ಕುಳಿಗೆ ಒಯ್ದು ಉಗುಳುತ್ತಿದ್ದವು. ಮರುದಿನ ಬೇರೆ ಕುಳಿಗೆ. ಒಂದು ವಾರದೊಳಗೆ ಮರಿಗಳು ಮೋಡದಂತೆ ಎದ್ದು ಈಜತೊಡಗಿದವು.

ಸಾಕುವವರಿಗೆ ಇಲ್ಲಿ ಎರಡು ದಾರಿ. ಮೊಟ್ಟೆ ಇಟ್ಟ ಕೂಡಲೇ ಚೂರನ್ನು ಬೇರೆ ಪಾತ್ರೆಗೆ ತೆಗೆದು, ಗಾಳಿಯ ಗುಳ್ಳೆ ಬಿಟ್ಟು, ಬೂಷ್ಟು ಬಾರದಂತೆ ಎರಡು ಹನಿ ಮಿಥಿಲೀನ್ ಬ್ಲೂ ಹಾಕಿ ಮರಿ ಮಾಡಿಸುವುದು ಒಂದು. ಮಾರಾಟಕ್ಕೆ ಸಾಕುವವರಿಗೆ ಇದೇ ಲಾಭ, ಎಣಿಕೆಗೆ ಹೆಚ್ಚು ಮರಿ ಸಿಗುತ್ತವೆ. ತಂದೆತಾಯಿಯ ಬಳಿಯೇ ಬಿಡುವುದು ಇನ್ನೊಂದು. ನನಗೆ ಎರಡನೆಯದೇ ಬೇಕಿತ್ತು, ಯಾಕೆಂದರೆ ಪಾಠ ಅಲ್ಲೇ ಇತ್ತು. ಈ ಮೀನಿನ ಮರಿಗಳು ದೊಡ್ಡ ಮೀನಿನ ಮೈಗೆ ಬಂದು ತಾಗಿ ತಾಗಿ ಹೋಗುತ್ತವೆ. ಮುತ್ತಿಡುತ್ತವೆ ಎಂದೇ ಮಕ್ಕಳು ಹೇಳಿದರು. ಅವು ತಿನ್ನುವುದು ಮೈಮೇಲಿನ ಲೋಳೆಯನ್ನು. ವಾರ್ಡ್ ಮತ್ತು ಬಾರ್ಲೊ ಎಂಬ ವಿಜ್ಞಾನಿಗಳು 1967ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಆರೆಂಜ್ ಕ್ರೋಮೈಡಿನ ಇದೇ ವರ್ತನೆಯ ಮೇಲೆ. ಅಪಾಯ ಕಂಡಾಗ ದೊಡ್ಡ ಮೀನು ಹೊಟ್ಟೆಯಡಿಯ ರೆಕ್ಕೆಗಳನ್ನು ಫಟಫಟನೆ ಬಿಚ್ಚಿ ಮುಚ್ಚುತ್ತದೆ, ಚದುರಿದ ಮರಿಗಳು ಅದರ ಕೆಳಗೆ ಬಂದು ಗುಂಪಾಗುತ್ತವೆ. ಕಿಂಡಿಯಿಂದ ಇದನ್ನು ಕಂಡ ಹುಡುಗನೊಬ್ಬ, ತನ್ನ ಅಜ್ಜಿ ಕೋಳಿಮರಿಗಳನ್ನು ಕರೆಯುವ ಸದ್ದನ್ನು ಅಲ್ಲೇ ಮಾಡಿ ತೋರಿಸಿದ.

ಲೋಳೆಯೊಂದೇ ಸಾಲದು. ಈಜತೊಡಗಿದ ಮರಿಗಳಿಗೆ ಆರ್ಟೀಮಿಯಾ ಬೇಕು. ಉಪ್ಪುನೀರಿನ ಈ ಸಣ್ಣ ಸಿಗಡಿಯ ಒಣ ಮೊಟ್ಟೆಗಳು ಡಬ್ಬಿಯಲ್ಲಿ ಸಿಗುತ್ತವೆ, ಬಹಳ ಕಾಲ ಕೆಡುವುದಿಲ್ಲ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು, ಬುಡ ಕತ್ತರಿಸಿ ತಲೆಕೆಳಗಾಗಿ ತೂಗುಹಾಕಿದ ತಂಪು ಪಾನೀಯದ ಬಾಟಲಿ, ಒಂದು ಗಾಳಿಯ ಕೊಳವೆ, ಬೆಳಕು. 28 ಡಿಗ್ರಿಯಲ್ಲಿ ಒಂದು, ಒಂದೂವರೆ ದಿನಕ್ಕೆ ಕಿತ್ತಳೆ ಬಣ್ಣದ ಚುಕ್ಕೆಗಳು ಈಜುತ್ತವೆ. ಗಾಳಿ ನಿಲ್ಲಿಸಿ ಒಂದು ಬದಿಯಿಂದ ಟಾರ್ಚ್ ಹಿಡಿದರೆ ಎಲ್ಲವೂ ಬೆಳಕಿನ ಕಡೆ ಸೇರುತ್ತವೆ. ಕೊಳವೆಯಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕುವುದು. ಈ ಬಾಟಲಿಯನ್ನು ತರಗತಿಯ ಕಿಟಕಿಯಲ್ಲೇ ಇಟ್ಟಿದ್ದೆವು. ತೊಟ್ಟಿ ಇಡಲಾಗದ ಶಾಲೆಯಲ್ಲೂ ಇದೊಂದನ್ನು ಮಾಡಬಹುದು. ಆರ್ಟೀಮಿಯಾ ಸಿಗದಿದ್ದರೆ ಬತ್ತದ ಹುಲ್ಲು ನೆನೆಹಾಕಿದ ನೀರಿನಲ್ಲಿ ಮೂರ್ನಾಲ್ಕು ದಿನಕ್ಕೆ ಬೆಳೆಯುವ ಪ್ಯಾರಮೀಸಿಯಂ ಮೊದಲಾದವು ಮೊದಲ ಆಹಾರವಾಗುತ್ತವೆ. ಬೇಯಿಸಿದ ಮೊಟ್ಟೆಯ ಹಳದಿ ಭಾಗವನ್ನು ಹಲವರು ಹಾಕುತ್ತಾರೆ. ಅದು ನೀರು ಕೆಡಿಸುವ ವೇಗ ನೋಡಿದರೆ ನನಗೆ ಅದು ಬೇಡ.

ನಲವತ್ತನೆಯ ದಿನ ಬಿಳಿ ತಟ್ಟೆಯಲ್ಲಿ ಮರಿಗಳನ್ನು ಎಣಿಸಿದೆವು, 43. ಸುಮಾರು 155 ಮೊಟ್ಟೆಯಿಂದ 43. ಈಗ ಮೊದಲ ದಿನದ ಪ್ರಶ್ನೆಗೆ ಮರಳಿದೆ. ಕಾವಲಿದ್ದೂ, ಬೇರೆ ಮೀನಿಲ್ಲದೆಯೂ, ಮಳೆ ಗಾಳಿ ಇಲ್ಲದೆಯೂ ಉಳಿದದ್ದು ಇಷ್ಟು. ಕಾಯದ ಮೀನಿನಲ್ಲಿ? ಹಲಗೆಯ ಮೇಲೆ ಊರಿನವರಿಗೆ ಗೊತ್ತಿರುವ ಹೆಸರುಗಳನ್ನೇ ಬರೆದೆವು. ಕಾಟ್ಲಾ, ರೋಹು: ಹೊರಗೆ ನಿಶೇಚನ, ಕಾಯುವುದಿಲ್ಲ, ಮೊಟ್ಟೆ ಲಕ್ಷಗಟ್ಟಲೆ. ಕ್ರೋಮೈಡ್: ಹೊರಗೆ ನಿಶೇಚನ, ಕಾಯುತ್ತದೆ, ನೂರು ಇನ್ನೂರು. ಜಿಲೇಬಿ ಮೀನು: ಹೊರಗೆ ನಿಶೇಚನ, ಹೆಣ್ಣು ಬಾಯೊಳಗೇ ಇಟ್ಟುಕೊಳ್ಳುತ್ತದೆ, ನೂರರ ಲೆಕ್ಕ. ಕೋಳಿ: ಒಳಗೆ ನಿಶೇಚನ, 21 ದಿನ ಕಾವು, ದಿನಕ್ಕೊಂದು ಮೊಟ್ಟೆ. ಮೊಟ್ಟೆಯ ಸಂಖ್ಯೆ ಯಾವ ಕಂಬಸಾಲಿನ ಜೊತೆ ಹೊಂದುತ್ತದೆ ಎಂದು ಮಕ್ಕಳೇ ನೋಡಿ ಹೇಳಿದರು. ಘಟಕದ ಕೊನೆಗೆ ಅದೇ ಚೀಟಿಯನ್ನು ಮತ್ತೆ ಕೊಟ್ಟಾಗ 31 ಮಕ್ಕಳು ‘ಕೆಲವು ಬಿಟ್ಟು ಹೋಗುತ್ತವೆ, ಕೆಲವು ಕಾಯುತ್ತವೆ’ ಎಂಬ ಅರ್ಥದ ಉತ್ತರ ಬರೆದರು. ಅದಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಒಂದು ಚೀಟಿಯಲ್ಲಿದ್ದ ಮರುಪ್ರಶ್ನೆ: ‘ಯಾವ ಮೀನು?’

ಒಂದೇ ಅವಧಿಯ ಪಾಠಯೋಜನೆಗೆ ಇದು ಹೊಂದುವುದಿಲ್ಲ ಎಂಬ ಆಕ್ಷೇಪ ನಮ್ಮ ಕಾಲೇಜಿನ ಚರ್ಚೆಯಲ್ಲಿ ಬಂದಿತು. ನಿಜ. ಮೊಟ್ಟೆ ಒಡೆಯುವುದು ವೀಕ್ಷಕರು ಬರುವ ದಿನಕ್ಕೆ ಕಾಯುವುದಿಲ್ಲ. ನನ್ನ ಅನುಭವದಲ್ಲಿ ಘಟಕದ ಏಳು ಅವಧಿಗಳನ್ನು ಎಂದಿನಂತೆಯೇ ಯೋಜಿಸಿ, ಪ್ರತಿ ಅವಧಿಯ ಮೊದಲ ಐದು ನಿಮಿಷವನ್ನು ‘ನಿನ್ನೆ ತೊಟ್ಟಿಯಲ್ಲಿ’ ಎಂದು ಖಾಲಿ ಬಿಟ್ಟುಕೊಳ್ಳುವುದು ಸಾಕು. ಏನೂ ನಡೆಯದ ದಿನ ‘ಬದಲಾವಣೆ ಇಲ್ಲ’ ಎಂದು ವಹಿಯಲ್ಲಿ ಬರೆಯಬೇಕು. ಆ ಸಾಲು ಬರೆಯಲು ಮಕ್ಕಳಿಗೆ ಬಹಳ ಬೇಸರ.

ಕೆರೆಗೆ ಬಿಡೋಣವೇ?

43 ಮೀನುಗಳನ್ನು ಏನು ಮಾಡುವುದು? ಇದು ಮೊದಲೇ ಯೋಚಿಸಬೇಕಾದ ಪ್ರಶ್ನೆ. ಮಕ್ಕಳಿಗೆ ಉತ್ತರ ಸಿದ್ಧವಿತ್ತು: ಊರ ಕೆರೆಗೆ ಬಿಡೋಣ. ಅವರ ಮಾತಿನಲ್ಲಿ ಕರುಣೆ ಇತ್ತು, ಹಬ್ಬದ ಉತ್ಸಾಹವೂ ಇತ್ತು.

ಜಿಲೇಬಿ ಮೀನಿನ ಕಥೆಯನ್ನು ಆಗ ಹೇಳಿದೆ. ಆಫ್ರಿಕದ ಈ ಟಿಲಾಪಿಯಾವನ್ನು ಭಾರತಕ್ಕೆ ತಂದದ್ದು 1952ರಲ್ಲಿ, ಅಗ್ಗದ ಆಹಾರವಾಗಲಿ ಎಂದು. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಅವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆಗಳಿಗೆ ಬೇಕಾದಷ್ಟು ಮರಿ ಸಿಗುವ ದಾರಿ ತೆರೆಯಿತು. ಟಿಲಾಪಿಯಾಕ್ಕೆ ಯಾರೂ ಏನೂ ಮಾಡಬೇಕಿಲ್ಲ. ಕೆರೆಯಲ್ಲೇ ಮರಿ ಮಾಡುತ್ತದೆ, ಬಾಯಲ್ಲಿ ಕಾಯುತ್ತದೆ, ಕೆರೆ ತುಂಬುತ್ತದೆ, ಕೊನೆಗೆ ಎಲ್ಲವೂ ಗಿಡ್ಡವಾಗಿ ಉಳಿಯುತ್ತವೆ. ಬೇರೆ ಮೀನುಗಳ ಜಾಗ ಕಡಿಮೆಯಾಗುತ್ತದೆ. ಎರಡು ವಾರ ಮಕ್ಕಳು ಮೆಚ್ಚಿ ನೋಡಿದ ಗುಣವೇ, ಮರಿ ಕಾಯುವ ಗುಣವೇ, ಇಲ್ಲಿ ತೊಂದರೆಯ ಕಾರಣ.

‘ಟೀಚರ್, ಜಿಲೇಬಿ ಹೊರಗಿನ್ದು. ಇದು ನಮ್ಮ ದೇಶದ್ದಂತ ನೀವ ಹೇಳೀರಿ’ ಎಂದು ಒಬ್ಬ ಎದ್ದು ನಿಂತ. ಈ ವಾದಕ್ಕೆ ಸುಲಭದ ಉತ್ತರವಿಲ್ಲ. ದೇಶದ ಗಡಿ ಮೀನಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೀರು. ನಕ್ಷೆ ತೆರೆದೆವು. ಕ್ರೋಮೈಡಿನ ನೀರು ಘಟ್ಟದ ಕೆಳಗಿನ ಅಳಿವೆಗಳದು. ನಮ್ಮ ತಾಲ್ಲೂಕಿನ ನೀರು ತುಂಗಭದ್ರೆಯ ಮೂಲಕ ಕೃಷ್ಣೆಗೆ, ಪೂರ್ವದ ಕಡಲಿಗೆ ಹೋಗುತ್ತದೆ. ಕ್ರೋಮೈಡ್‌ಗಳು ತಮ್ಮ ಅಳಿವೆಯಲ್ಲೇ ಕರಿಮೀನಿನ ಮೊಟ್ಟೆ, ಮರಿಗಳನ್ನು ತಿನ್ನುತ್ತವೆ ಎಂಬುದು ಗೊತ್ತಿರುವ ಸಂಗತಿ. ಇಲ್ಲಿ ಯಾವುದರ ಮೊಟ್ಟೆ ತಿಂದಾವು? ಕೆರೆಯಲ್ಲಿ ಕೊರಮೀನು ಇದೆ, ಅದೂ ತನ್ನ ಮರಿಗಳನ್ನು ಕಾಯುವ ಮೀನೇ. ಇದಲ್ಲದೆ ಅಂಗಡಿಯ ಮೀನಿನ ಜೊತೆ ರೋಗವೂ ಬರಬಹುದು. ಹುಡುಗ ಒಪ್ಪಿದನೆಂದು ಹೇಳಲಾರೆ. ‘ಕೆರಿ ಒಣಗಿದ್ರ ಹೆಂಗೂ ಎಲ್ಲಾ ಸಾಯ್ತಾವು’ ಎಂದು ಗೊಣಗಿ ಕುಳಿತ. ಆದರೆ ಮತಕ್ಕೆ ಹಾಕಿದಾಗ ಕೆರೆಗೆ ಬಿಡಬಾರದು ಎಂಬ ಕಡೆ 26 ಕೈಗಳು ಎದ್ದವು.

ಮರಿಗಳು ಎರಡು ಸೆಂಟಿಮೀಟರ್ ದಾಟಿದ ಮೇಲೆ ಇಪ್ಪತ್ತೈದನ್ನು ಅದೇ ಅಂಗಡಿಗೆ ಕೊಟ್ಟು, ಬದಲಿಗೆ ಆರ್ಟೀಮಿಯಾ ಡಬ್ಬಿ ಮತ್ತು ಒಂದು ಸ್ಪಾಂಜ್ ಫಿಲ್ಟರ್ ತಂದೆ. ಹನ್ನೆರಡು ಮರಿಗಳು ಶಾಲೆಯ ವಿಜ್ಞಾನ ಕೊಠಡಿಯ ತೊಟ್ಟಿಯಲ್ಲಿವೆ. ಅವುಗಳ ಆಹಾರ ಮತ್ತು ನೀರಿನ ಸರದಿಯ ಪಟ್ಟಿ ಬಾಗಿಲ ಹಿಂದೆ ಅಂಟಿಸಿದೆ. ಉಳಿದ ಆರು ನಮ್ಮ ಮನೆಯಲ್ಲಿವೆ. ಆರೂ ಒಂದೇ ಹೊಟ್ಟೆಯವು, ಅವುಗಳಲ್ಲೇ ಜೋಡಿ ಮಾಡಿಸಿದರೆ ತಲೆಮಾರಿನಿಂದ ತಲೆಮಾರಿಗೆ ತಳಿ ಸೊರಗುತ್ತದೆ. ಆದ್ದರಿಂದ ಇವುಗಳಲ್ಲಿ ಮೂರನ್ನು ಇಟ್ಟುಕೊಂಡು, ಬೇರೆ ಊರಿನ ಅಂಗಡಿಯಿಂದ ಅದೇ ಗಾತ್ರದ ಮೂರು ಮರಿ ತಂದು ಕೂಡಿಸಬೇಕು. ಗುರುತಿಗೆ ಮೈಮೇಲಿನ ಕಪ್ಪು ಮಚ್ಚೆಯ ಆಕಾರವನ್ನು ಈಗಲೇ ಚಿತ್ರ ಬರೆದು ಇಟ್ಟುಕೊಂಡಿದ್ದೇನೆ. ಎಲ್ಲ ಸರಿಹೋದರೆ ಬರುವ ವರ್ಷ ಈ ಶಾಲೆಗೆ ಬರುವ ಪ್ರಶಿಕ್ಷಣಾರ್ಥಿಗಳ ಹೊತ್ತಿಗೆ ಅವು ಮೊಟ್ಟೆ ಇಡುವ ವಯಸ್ಸಿಗೆ ಬಂದಿರುತ್ತವೆ. ಗಡಿಗೆಯ ಚೂರು, ಕಿಂಡಿ ಮಾಡಿದ ಸೀರೆ ಎರಡನ್ನೂ ವಿಜ್ಞಾನ ಕೊಠಡಿಯ ಕಪಾಟಿನಲ್ಲಿ ಇಟ್ಟಿದ್ದೇನೆ.